ಜರ್ಮನಿಗೆ ಹೊರಟವರು ಮತ್ತು ಇಂಗ್ಲಿಷಿನ ಭರವಸೆ

ಹೊರನಾಡ ಕನ್ನಡಿಗರು ನೆಲೆಸಿರುವ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲೆಲ್ಲ ಮ್ಯಾಕ್ಸ್ ಮುಲ್ಲರ್ ಭವನವೆಂಬ ಸಂಸ್ಥೆಯೊಂದಿದೆ. ಒಂದು ಕಾಲಕ್ಕೆ ಅದರ ಮೆಟ್ಟಿಲು ಹತ್ತುತ್ತಿದ್ದವರು ಬಹುಮಟ್ಟಿಗೆ ಬ್ರೆಕ್ಟ್ ನಾಟಕಗಳ, ಹೊಸ ಅಲೆಯ ಚಿತ್ರಗಳ ಆಸಕ್ತರು. ಇಂದು ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಇಂಜಿನಿಯರುಗಳು, ದಾದಿಯರು, ಎಂ.ಎಸ್. ಓದಲು ಹೊರಟ ಮಕ್ಕಳು. ನಮ್ಮ ಬಳಗದ ಮನೆಗಳಲ್ಲೇ ಮಗನೋ ಸೊಸೆಯೋ ತಂಗಿಯ ಮಗಳೋ ಮ್ಯೂನಿಕ್, ಷ್ಟುಟ್‌ಗಾರ್ಟ್, ಬರ್ಲಿನ್ ಎಂದು ಹೊರಟಿರುವ ಸುದ್ದಿ ಕೇಳದ ತಿಂಗಳಿಲ್ಲ. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನ್ ಸರ್ಕಾರ 2024ರ ಅಕ್ಟೋಬರಿನಲ್ಲಿ ಸಾರಿತು. ಅದೇ ವರ್ಷದ ಜೂನ್ 1ರಿಂದ ‘ಷಾನ್ಸೆನ್‌ಕಾರ್ಟೆ’, ಎಂದರೆ ಅವಕಾಶದ ಚೀಟಿ, ಎಂಬ ಹೊಸ ಏರ್ಪಾಡೂ ಜಾರಿಗೆ ಬಂದಿದೆ. ಕೈಯಲ್ಲಿ ನೌಕರಿಯ ಆದೇಶವಿಲ್ಲದಿದ್ದರೂ, ಓದು, ಅನುಭವ, ವಯಸ್ಸು, ಭಾಷೆ ಇವುಗಳ ಅಂಕ ಕೂಡಿಸಿ ತೇರ್ಗಡೆಯಾದವರು ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು.

ಹೊರಡುವವರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಸಂಬಳವೆಷ್ಟು, ಕಾಯಂ ವಾಸಕ್ಕೆ ಅನುಮತಿ ಎಷ್ಟು ವರ್ಷಕ್ಕೆ, ಇಂಗ್ಲಿಷಿನಲ್ಲಿ ನಡೆಯುತ್ತದೆಯೆ. ಮೊದಲೆರಡಕ್ಕೆ ಉತ್ತರ ಕೊಡಬಲ್ಲವರು ಬೇಕಾದಷ್ಟಿದ್ದಾರೆ. ಮೂರನೆಯದಕ್ಕೆ ಏಜೆಂಟರೂ ಈಗಾಗಲೇ ಅಲ್ಲಿರುವ ಸ್ನೇಹಿತರೂ ಒಂದೇ ಮಾತನ್ನು ಹೇಳುತ್ತಾರೆ: ಆಫೀಸಿನಲ್ಲಿ ಎಲ್ಲ ಇಂಗ್ಲಿಷೇ, ಚಿಂತೆಯಿಲ್ಲ. ಈ ಉತ್ತರ ಸುಳ್ಳಲ್ಲ, ಆದರೆ ಅದನ್ನು ನಂಬಿ ಬದುಕು ಕಟ್ಟಹೊರಡುವುದು ಅಪಾಯಕರ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಎಂ.ಎ. ಓದಿ, ಆ ಭಾಷೆಯ ಉಪ್ಪನ್ನು ಅಷ್ಟಿಷ್ಟು ತಿಂದಿರುವ ನಾನು ಹೀಗೆ ಹೇಳುವುದು ವಿಚಿತ್ರವೆನಿಸಬಹುದು. ಇನ್ನೂ ವಿಚಿತ್ರವೆನಿಸಬಹುದಾದ ಮಾತು ಬೇರೊಂದಿದೆ. ಕನ್ನಡಿಗನು ಇಂಗ್ಲಿಷನ್ನು ಬದಿಗಿಟ್ಟು ಕನ್ನಡದ ದಾರಿಯಿಂದಲೇ ಜರ್ಮನಿನ ಕಡೆಗೆ ನಡೆದರೆ ಕೆಲವೆಡೆ ಹಾದಿ ಹತ್ತಿರವಾಗುತ್ತದೆ. ಅದನ್ನು ಮುಂದೆ ನೋಡೋಣ.

ಮೊದಲು ಕಾನೂನಿನ ಒಂದು ವಿಪರ್ಯಾಸ. ಕೇರಳದಿಂದಲೋ ಮಂಗಳೂರಿನಿಂದಲೋ ಹೊರಡುವ ದಾದಿ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನನ್ನು ಕಲಿಯಲೇಬೇಕು. ಅದಕ್ಕೆ 45 ನಿಮಿಷಗಳ 600ರಿಂದ 800 ಪಾಠಗಳು ಬೇಕೆಂದು ಗಯಟೆ ಸಂಸ್ಥೆಯ ಲೆಕ್ಕ. ಭಾರತದ ಮ್ಯಾಕ್ಸ್ ಮುಲ್ಲರ್ ಭವನಗಳನ್ನು ನಡೆಸುವುದು ಅದೇ ಸಂಸ್ಥೆ. ವೈದ್ಯನಾದರೆ ರೋಗಿಯೊಡನೆ, ಸಹವೈದ್ಯರೊಡನೆ ಜರ್ಮನಿನಲ್ಲಿ ಮಾತಾಡಿ, ಬರೆದು ತೋರಿಸುವ ಪ್ರತ್ಯೇಕ ಪರೀಕ್ಷೆಯನ್ನು ದಾಟಬೇಕು. ಅದೇ ಹೆಚ್ಚು ಸಂಬಳದ ನೌಕರಿ ಹಿಡಿದು ಯುರೋಪಿನ ‘ಬ್ಲೂ ಕಾರ್ಡ್’ ಪಡೆಯುವ ಸಾಫ್ಟ್‌ವೇರ್ ಇಂಜಿನಿಯರಿಗೆ ಒಂದಕ್ಷರ ಜರ್ಮನ್ ಬೇಕಿಲ್ಲ. ಅವನ ಹೆಂಡತಿಗೂ ಬೇಕಿಲ್ಲ. 27 ತಿಂಗಳ ದುಡಿಮೆಯ ನಂತರ, ಅಂಗಡಿಯಲ್ಲಿ ಬ್ರೆಡ್ಡು ಕೇಳುವಷ್ಟು, ಎಂದರೆ ಎ1 ಮಟ್ಟದ ಭಾಷೆ ಬಂದರೆ ಕಾಯಂ ವಾಸದ ಅನುಮತಿ ಸಿಗುತ್ತದೆ. ಬಿ1 ಮಟ್ಟವಿದ್ದರೆ 21 ತಿಂಗಳಿಗೇ. ನಮ್ಮ ಜನ ಇದನ್ನು ಉದಾರ ಕಾನೂನೆಂದು ಕೊಂಡಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರೋಗಿಯ ಹಾಸಿಗೆಯ ಬಳಿ ನಿಲ್ಲುವವಳನ್ನು ಆ ಸಮಾಜ ಮೊದಲ ದಿನದಿಂದಲೇ ತನ್ನ ಮಾತಿನೊಳಕ್ಕೆ ಎಳೆದುಕೊಳ್ಳುತ್ತದೆ. ಕಂಪ್ಯೂಟರಿನ ಮುಂದೆ ಕೂರುವವನನ್ನು ಮಾತಿನ ಹೊರಗೇ ಕೂರಿಸಿ ಸಂಬಳ ಕೊಡುತ್ತದೆ.

ಈ ರಿಯಾಯಿತಿಯ ಬೆಲೆಯನ್ನು ತೆರುವವರು ಹೆಚ್ಚಾಗಿ ಹೆಂಡತಿಯರು. ಹತ್ತು ವರ್ಷ ಶಾಲಾ ಶಿಕ್ಷಕಿಯಾಗಿದ್ದವಳು, ದಂತವೈದ್ಯೆಯಾಗಿದ್ದವಳು, ವಕೀಲೆಯಾಗಿದ್ದವಳು ಗಂಡನ ಬ್ಲೂ ಕಾರ್ಡಿನ ಬೆನ್ನಿಗೆ ಹೊರಡುತ್ತಾಳೆ. ಕೆಲಸ ಮಾಡಲು ಕಾನೂನಿನ ಅಡ್ಡಿಯಿಲ್ಲ ಎಂದು ಇಬ್ಬರೂ ಓದಿ ತಿಳಿದುಕೊಂಡಿರುತ್ತಾರೆ. ಆದರೆ ಅವಳ ವೃತ್ತಿಯೇ ಭಾಷೆಯ ವೃತ್ತಿ. ಇಂಗ್ಲಿಷಿನಲ್ಲಿ ಕೋಡು ಬರೆಯಬಹುದು. ಮಕ್ಕಳಿಗೆ ಪಾಠ ಹೇಳುವುದು, ಹಲ್ಲುನೋವಿನ ಮುದುಕನನ್ನು ಸಂತೈಸುವುದು, ನ್ಯಾಯಾಲಯದಲ್ಲಿ ವಾದಿಸುವುದು ಆಗದು. ಹೊರಡುವ ಮುನ್ನ ಇಲ್ಲಿಯೇ ಒಂದೂವರೆ ವರ್ಷ ಭಾಷೆ ಕಲಿತಿದ್ದರೆ ಅಲ್ಲಿ ಬಾಗಿಲು ತಟ್ಟಲಾದರೂ ಆಗುತ್ತಿತ್ತು. ‘ಅಗತ್ಯವಿಲ್ಲ’ ಎಂಬ ಕಾನೂನಿನ ಮಾತನ್ನು ‘ಉಪಯೋಗವಿಲ್ಲ’ ಎಂದು ಅರ್ಥೈಸಿಕೊಂಡುದರಿಂದ ವೃತ್ತಿಜೀವನವೇ ನಿಂತುಹೋಗುತ್ತದೆ. ಇಂಥ ಮನೆಗಳು ನಮಗೆಲ್ಲ ಗೊತ್ತಿವೆ. ಹಬ್ಬದ ದಿನದ ವೀಡಿಯೊ ಕರೆಯಲ್ಲಿ ಆ ಮಾತು ಬರುವುದಿಲ್ಲ, ಅಷ್ಟೆ.

ಎರಡನೆಯ ಬೆಲೆ ಮಕ್ಕಳದು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ, ಎಂದರೆ ಮಗುವಿಗೆ ಹತ್ತು ವರ್ಷವಾಗುವ ಹೊತ್ತಿಗೆ, ಶಾಲೆಯ ದಾರಿ ಕವಲೊಡೆಯುತ್ತದೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಆರನೆಯ ತರಗತಿಯ ನಂತರ. ವಿಶ್ವವಿದ್ಯಾಲಯಕ್ಕೆ ನೇರವಾಗಿ ಒಯ್ಯುವ ದಾರಿ ‘ಗಿಮ್ನಾಜಿಯುಮ್’ ಎಂಬ ಶಾಲೆಯದು. ಉಳಿದ ಶಾಲೆಗಳ ಒಲವು ಮುಖ್ಯವಾಗಿ ಕಸುಬಿನ ಕಡೆಗೆ. ಬವೇರಿಯಾ ರಾಜ್ಯದಲ್ಲಿ ಗಿಮ್ನಾಜಿಯುಮ್ ಸೇರಲು ಜರ್ಮನ್, ಗಣಿತ ಮತ್ತು ಊರು-ಪರಿಸರದ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿರಬೇಕು. ಅಲ್ಲಿ 1 ಅತ್ಯುತ್ತಮ, 6 ಕನಿಷ್ಠ. ಮೂರರಲ್ಲಿ ಒಂದು ಭಾಷೆಯೇ. ಇನ್ನೊಂದು ಅದೇ ಭಾಷೆಯಲ್ಲಿ ಊರನ್ನು ಕುರಿತು ಓದುವುದು. ಎಂಟನೆಯ ವಯಸ್ಸಿಗೆ ಹೋದ ಮಗು ಲೆಕ್ಕದಲ್ಲಿ ಎಷ್ಟೇ ಚುರುಕಾಗಿದ್ದರೂ ಎರಡು ವರ್ಷಗಳಲ್ಲಿ ಭಾಷೆಯನ್ನು ಗೆಲ್ಲಬೇಕು. ನಡುವೆ ದಾರಿ ಬದಲಿಸಲು ಅವಕಾಶವಿಲ್ಲವೆಂದಲ್ಲ. ಆದರೆ ಅದನ್ನು ಕೇಳಿ ಪಡೆಯಬೇಕಾದವರು ತಂದೆತಾಯಿಗಳು, ಕೇಳಬೇಕಾದ್ದು ಜರ್ಮನಿನಲ್ಲಿ. ಪಾಲಕರ ಸಭೆಯಲ್ಲಿ ಏನು ನಡೆಯಿತೆಂದು ಮಗುವೇ ಮನೆಗೆ ಬಂದು ಅಪ್ಪನಿಗೆ ವಿವರಿಸುವಂತಾದರೆ ಆ ಮನೆಯಲ್ಲಿ ದೊಡ್ಡವರು ಯಾರು?

ಮೂರನೆಯದು ಪತ್ರಗಳು. ಸರ್ಕಾರಿ ಪತ್ರ ಬರೆಯುವುದೇ ವೃತ್ತಿಯಾಗಿರುವ ನನಗೆ ಈ ವಿಷಯದಲ್ಲಿ ತುಸು ಅನುಭವವುಂಟು. ಯಾವ ದೇಶದಲ್ಲಾದರೂ ಕಚೇರಿಯ ಪತ್ರದಲ್ಲಿ ಮುಖ್ಯವಾದ ಮಾತು ಮೊದಲ ಸಾಲಿನಲ್ಲಿರುವುದಿಲ್ಲ, ಕಡೆಯ ಕಂಡಿಕೆಯಲ್ಲಿರುತ್ತದೆ. ಜರ್ಮನಿಯ ಆಡಳಿತ ಇಂದಿಗೂ ಬಹುಪಾಲು ಕಾಗದದ ಮೇಲೆ ನಡೆಯುತ್ತದೆ, ಅದರ ಭಾಷೆ ಜರ್ಮನ್ ಎಂದು ಕಾನೂನೇ ಗೊತ್ತುಪಡಿಸಿದೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಆಮೇಲೆ ತೆರಿಗೆಯ ಸಂಖ್ಯೆ, ಆರೋಗ್ಯ ವಿಮೆ, ಮನೆಯಲ್ಲಿ ರೇಡಿಯೊ ಇರಲಿ ಬಿಡಲಿ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ, ವಾಸದ ಅನುಮತಿಯ ನವೀಕರಣ, ಹೀಗೆ ಪತ್ರಗಳು ಬರುತ್ತಲೇ ಇರುತ್ತವೆ. ಒಂದು ಆದೇಶ ತಪ್ಪೆನಿಸಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಆಕ್ಷೇಪ ಸಲ್ಲಿಸಬೇಕು. ಮೊಬೈಲಿನ ಅನುವಾದ ಯಂತ್ರ ಪದಗಳ ಅರ್ಥ ಹೇಳುತ್ತದೆ. ಆದರೆ ಯಾವ ಪತ್ರ ವಾಡಿಕೆಯದು, ಯಾವುದು ಅಪಾಯದ್ದು, ಎಲ್ಲಿ ವಿನಯದಿಂದ ಕೇಳಿಕೊಂಡರೆ ಕೆಲಸವಾಗುತ್ತದೆ, ಎಲ್ಲಿ ಕಲಮು ತೋರಿಸಿ ವಾದಿಸಬೇಕು ಎಂಬ ವಿವೇಕ ಭಾಷೆಯೊಳಗೆ ಇದ್ದವನಿಗೆ ಮಾತ್ರ ಬರುತ್ತದೆ.

ಭಾಷೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಚರಿತ್ರೆಯೇ ಸಾಕ್ಷಿ. ಯುದ್ಧಾನಂತರದ ಕಾರ್ಖಾನೆಗಳಿಗೆ ಕೈಗಳು ಸಾಲದೆ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಡನೆ, 1961ರಲ್ಲಿ ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡಿತು. ಬಂದವರಿಗೆ ‘ಗಾಸ್ಟ್‌ಆರ್ಬೈಟರ್’, ಅತಿಥಿ ಕೆಲಸಗಾರ, ಎಂದು ಹೆಸರು. ಅತಿಥಿ ಎಂದ ಮೇಲೆ ಹಿಂದಿರುಗಲೇಬೇಕಲ್ಲ, ಅವನಿಗೇಕೆ ಭಾಷೆ ಎಂಬುದು ಆತಿಥೇಯರ ಎಣಿಕೆ. ಹಣ ಕೂಡಿಸಿ ಊರಿಗೆ ಹೋಗುವವನಿಗೆ ಭಾಷೆಯ ಉಪದ್ವ್ಯಾಪವೇಕೆ ಎಂಬುದು ಅತಿಥಿಯ ಎಣಿಕೆ. 1973ರಲ್ಲಿ ನೇಮಕಾತಿ ನಿಂತಿತು, ಆದರೆ ಅನೇಕರು ಹಿಂದಿರುಗಲಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಇಡೀ ತಲೆಮಾರೊಂದು ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ನಿವೃತ್ತವಾಗುವ ಹೊತ್ತಿಗೂ ಅದರಲ್ಲಿ ಬಹಳ ಮಂದಿಗೆ ಹರುಕು ಮುರುಕು ಜರ್ಮನ್ ಮಾತ್ರ ಬರುತ್ತಿತ್ತು. ವಲಸೆ ಬಂದವರಿಗೆ ಭಾಷೆ ಕಲಿಸುವುದು ರಾಜ್ಯದ ಹೊಣೆ ಎಂದು ಕಾನೂನಿನಲ್ಲಿ ಬರೆದುಕೊಳ್ಳಲು ಜರ್ಮನಿಗೆ 2005ರವರೆಗೆ ಸಮಯ ಹಿಡಿಯಿತು. ನಮ್ಮ ಇಂಜಿನಿಯರು ತಾನು ಅತಿಥಿ ಕೆಲಸಗಾರನಲ್ಲ, ನುರಿತ ವೃತ್ತಿಪರ ಎಂದು ಹೇಳಿಕೊಳ್ಳುತ್ತಾನೆ. ಸಂಬಳದ ದೃಷ್ಟಿಯಿಂದ ನಿಜ. ಐದು ವರ್ಷ ದುಡಿದು ಹಿಂದಿರುಗುತ್ತೇನೆ, ನನಗೇಕೆ ಭಾಷೆ ಎಂಬ ಅವನ ತರ್ಕ ಮಾತ್ರ ಅರವತ್ತರ ದಶಕದ್ದೇ.

ಭಾಷೆ ಕಲಿತರೆ ಎಲ್ಲ ಬಾಗಿಲೂ ತೆರೆಯುತ್ತದೆಂದು ನಾನು ಹೇಳುತ್ತಿಲ್ಲ. 2000ದಲ್ಲಿ ಕಂಪ್ಯೂಟರ್ ತಜ್ಞರಿಗಾಗಿ ಜರ್ಮನಿ ‘ಗ್ರೀನ್ ಕಾರ್ಡ್’ ಯೋಜನೆ ತಂದಾಗ, ನಾರ್ಥ್ ರೈನ್-ವೆಸ್ಟ್‌ಫೇಲಿಯಾದ ಚುನಾವಣೆಯಲ್ಲಿ ಯುರ್ಗೆನ್ ರ‍್ಯುಟ್‌ಗರ್ಸ್ ಅವರ ಪ್ರಚಾರದಿಂದ ‘ಕಿಂಡರ್ ಷ್ಟಟ್ ಇಂಡರ್’ ಎಂಬ ಘೋಷಣೆ ಹುಟ್ಟಿತು. ಭಾರತೀಯರ ಬದಲು ನಮ್ಮ ಮಕ್ಕಳು ಎಂದು ಅದರ ಅರ್ಥ. ಪ್ರಾಸ ಚೆನ್ನಾಗಿದೆ, ಭಾವನೆ ಅಷ್ಟು ಚೆನ್ನಾಗಿಲ್ಲ. ಆ ಚುನಾವಣೆಯಲ್ಲಿ ಅವರು ಸೋತರು. ಆದರೆ 2025ರ ಫೆಬ್ರವರಿಯ ರಾಷ್ಟ್ರೀಯ ಚುನಾವಣೆಯಲ್ಲಿ ವಲಸೆಯನ್ನು ಕಟುವಾಗಿ ವಿರೋಧಿಸುವ ಎ.ಎಫ್.ಡಿ. ಪಕ್ಷ ಶೇ. 20.8 ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂತು. ಮೈಬಣ್ಣ ನೋಡಿ ಮನೆ ಬಾಡಿಗೆಗೆ ಕೊಡದವನು ನಮ್ಮ ವ್ಯಾಕರಣ ಶುದ್ಧಿಯನ್ನು ಕಂಡು ಕೊಟ್ಟುಬಿಡುವುದಿಲ್ಲ. ಆದರೂ ಟ್ರಾಮಿನಲ್ಲಿ ಒಬ್ಬ ಏನೋ ಅಂದಾಗ ಅದು ಬೈಗುಳವೋ ಕುಶಲೋಪರಿಯೋ ತಿಳಿಯದೆ ಮಂದಹಾಸ ಬೀರುವ ಸ್ಥಿತಿಗಿಂತ ಅರ್ಥವಾಗಿ ಉತ್ತರ ಕೊಡಬಲ್ಲ ಸ್ಥಿತಿ ಮೇಲು. ಅವಮಾನವನ್ನು ಗುರುತಿಸಲಿಕ್ಕೂ ಭಾಷೆ ಬೇಕು.

ಇನ್ನು ನಮ್ಮ ಕನ್ನಡಿಗರ ಒಂದು ಇಬ್ಬಂದಿತನವನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷವಿದ್ದೂ ‘ಕನ್ನಡ್ ಗೊತ್ತಿಲ್ಲ’ ಎನ್ನುವವರ ಮೇಲೆ ನಮಗೆ ಸಿಟ್ಟಿದೆ. ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಅವರ ವಾದವೇನು? ಆಫೀಸಿನಲ್ಲಿ ಇಂಗ್ಲಿಷಿದೆ, ಅಂಗಡಿಯಲ್ಲಿ ಹಿಂದಿ ನಡೆಯುತ್ತದೆ, ನಾಳೆ ಬೇರೆ ಊರಿಗೆ ಹೋಗುವವರು ನಾವು. ಮ್ಯೂನಿಕ್ಕಿನ ನಮ್ಮ ಹುಡುಗನ ವಾದವೂ ಅಕ್ಷರಶಃ ಇದೇ. ಒಂದನ್ನು ದುರಹಂಕಾರವೆಂದೂ ಇನ್ನೊಂದನ್ನು ಜಾಗತಿಕ ಮನೋಭಾವವೆಂದೂ ಕರೆಯಲು ಬರುವುದಿಲ್ಲ. ಹೊರನಾಡಿನಲ್ಲಿ ಬಾಳುವ ನಮಗಂತೂ ಈ ಪಾಠ ಹೊಸದಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸಲು ಬಂದ ತುಳುನಾಡಿನವರು ಯಾವ ಪ್ರಮಾಣಪತ್ರವೂ ಇಲ್ಲದೆ ಮರಾಠಿ ಕಲಿತರು. ಗಿರಾಕಿಯೊಡನೆ, ಪಾಲಿಕೆಯ ನೌಕರನೊಡನೆ ಅದರಲ್ಲೇ ವ್ಯವಹರಿಸಿದರು. ಅದರಿಂದ ಅವರ ತುಳುವೂ ಕನ್ನಡವೂ ಸವೆದುಹೋಗಲಿಲ್ಲ. ಕನ್ನಡ ಸಂಘಗಳನ್ನು ಕಟ್ಟಿದವರಲ್ಲಿ, ರಾತ್ರಿಶಾಲೆಗಳಲ್ಲಿ ಓದಿದವರಲ್ಲಿ ಅವರೇ ಮುಂದಿದ್ದರು.

ಈಗ ಕನ್ನಡದ ದಾರಿಯ ಮಾತು. ಜರ್ಮನ್ ಇಂಗ್ಲಿಷಿನ ಸೋದರ ಭಾಷೆ, ಆದ್ದರಿಂದ ಇಂಗ್ಲಿಷ್ ಬಲ್ಲವನಿಗೆ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಪದಗಳ ಮಟ್ಟಿಗೆ ಅದು ಸರಿ. ವಾಕ್ಯಕ್ಕೆ ಬಂದಾಗ ಇಂಗ್ಲಿಷೇ ಕಾಲಿಗೆ ತೊಡಕುತ್ತದೆ. ಚಳಿಯಾಗುತ್ತಿದೆ ಎನ್ನಬೇಕಾದವನು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ‘ಇಖ್ ಬಿನ್ ಕಲ್ಟ್’ ಎಂದರೆ, ನಾನು ಭಾವಶೂನ್ಯ ಮನುಷ್ಯ ಎಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಜರ್ಮನರು ಹೇಳುವುದು ‘ಮಿರ್ ಇಸ್ಟ್ ಕಲ್ಟ್’ ಎಂದು. ‘ಮಿರ್’ ಎಂದರೆ ನನಗೆ. ನಮ್ಮ ಚತುರ್ಥಿ ವಿಭಕ್ತಿಯೇ! ನನಗೆ ಚಳಿ, ನನಗೆ ಹಿಡಿಸಿತು, ನನಗೆ ಬೇಸರ ಎಂದು ಅನುಭವವು ತನ್ನ ಬಳಿಗೆ ಬಂತೆಂಬಂತೆ ಹೇಳುವ ಕ್ರಮ ಕನ್ನಡಿಗನಿಗೆ ತಾಯಿಯ ಹಾಲಿನೊಡನೆ ಬಂದದ್ದು. ಉಪವಾಕ್ಯದಲ್ಲಿ ಕ್ರಿಯಾಪದವನ್ನು ಕೊನೆಗೆ ಇಡುವುದು ಇಂಗ್ಲಿಷಿನವನಿಗೆ ಸಂಕಟ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮಗೆ ನಿತ್ಯದ ಅಭ್ಯಾಸ. ‘ಡೂ’ ಮತ್ತು ‘ಝೀ’ ನಮ್ಮ ನೀನು ಮತ್ತು ನೀವುಗಳೇ. ಯಾರು ಯಾರಿಗೆ ಯಾವಾಗ ನೀನು ಎನ್ನಬಹುದು, ಬಹುವಚನದಿಂದ ಏಕವಚನಕ್ಕೆ ಇಳಿಯೋಣವೆಂದು ಮೊದಲು ಸೂಚಿಸಬೇಕಾದವರು ಯಾರು ಎಂಬ ಅಲ್ಲಿನ ಸೂಕ್ಷ್ಮಗಳನ್ನು ಅರಿಯಲು ಒಂದೇ ಸರ್ವನಾಮದ ಇಂಗ್ಲಿಷಿನಿಂದ ಏನು ಸಹಾಯ?

ಹ್ರಸ್ವ ದೀರ್ಘಗಳೂ ಹಾಗೆಯೇ. ‘ಷ್ಟಟ್’ ಎಂದರೆ ನಗರ, ‘ಷ್ಟಾಟ್’ ಎಂದರೆ ರಾಜ್ಯ. ಬಳೆ ಮತ್ತು ಬಾಳೆಗಳ ಭೇದ ತಿಳಿದವನ ಕಿವಿಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಉದ್ದುದ್ದ ಪದಗಳನ್ನು ಕಂಡು ಜನ ಹೆದರುತ್ತಾರೆ. ಸಮಾಸ ಬಿಡಿಸಿ ಅಭ್ಯಾಸವಿರುವವರಿಗೆ ಅವು ಆಟಿಕೆ. ‘ಹಂಡ್‌ಷೂ’ ಎಂದರೆ ಕೈಯ ಪಾದರಕ್ಷೆ, ಎಂದರೆ ಕೈಗವಸು. ‘ಕ್ಯೂಲ್‌ಷ್ರಂಕ್’ ಎಂದರೆ ತಂಪು ಕಪಾಟು, ನಮ್ಮ ಫ್ರಿಜ್ಜು. ‘ಕ್ರಂಕೆನ್‌ಹೌಸ್’ ರೋಗಿಗಳ ಮನೆ. ಕಷ್ಟವೆಂದರೆ ಲಿಂಗ. ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ, ಹುಡುಗಿಯೂ ನಪುಂಸಕ! ಅರ್ಥವನ್ನು ನೋಡಿ ಲಿಂಗ ನಿರ್ಣಯಿಸುವ ಕನ್ನಡಕ್ಕೆ ಇದು ಅನ್ಯಾಯವೆನಿಸುತ್ತದೆ. ಆದರೆ ಮುಂಬಯಿ ಪುಣೆಗಳ ಕನ್ನಡಿಗರೇ, ಮೂರು ಲಿಂಗಗಳ ಮರಾಠಿಯೊಡನೆ ಇಷ್ಟು ವರ್ಷ ಏಗಿದ್ದೀರಿ. ಈ ಸಾಧನೆ ನಿಮಗೆ ಅರ್ಧ ಆಗಿಯೇ ಇದೆ.

ಈ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದುಬಂದವರೂ ಇದ್ದಾರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ವ್ಯುರ್ಟೆಂಬೆರ್ಗಿನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡ ಪತ್ರಿಕೋದ್ಯಮದ ಮೊದಲ ಪುಟ ಅದು. 1832ರಲ್ಲಿ ಉತ್ತರ ಸಮುದ್ರದ ತೀರದ ಈಸ್ಟ್ ಫ್ರಿಸಿಯಾದಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ಪ್ರಕಟವಾದ ನಿಘಂಟಿಗೆ ತಮ್ಮ ಆಯುಷ್ಯದ ಹಲವು ದಶಕಗಳನ್ನು ತೆತ್ತರು. ಅವರು ಮತಪ್ರಚಾರಕ್ಕೆ ಬಂದವರು, ಇದನ್ನು ಮರೆಮಾಚಬೇಕಿಲ್ಲ. ಆದರೆ ಅಧಿಕಾರದ ಭಾಷೆಯಾದ ಇಂಗ್ಲಿಷ್ ಅಂದೂ ಇತ್ತು. ಕಲೆಕ್ಟರನೊಡನೆ ಅದರಲ್ಲಿ ಮಾತಾಡಿ, ಉಳಿದದ್ದಕ್ಕೆ ದುಭಾಷಿಯನ್ನಿಟ್ಟುಕೊಂಡು ದಿನ ದೂಡಬಹುದಿತ್ತು. ಕಿಟೆಲರು ಅಷ್ಟಕ್ಕೆ ನಿಲ್ಲದೆ ಹಳಗನ್ನಡ ಛಂದಸ್ಸಿನವರೆಗೆ ಇಳಿದರು. ಪ್ರತಿಯೊಬ್ಬ ಇಂಜಿನಿಯರೂ ಕಿಟೆಲನಾಗಬೇಕೆಂದು ಯಾರೂ ಕೇಳುತ್ತಿಲ್ಲ. ಮಹಡಿಯ ಮೇಲಿನ ಅಜ್ಜಿಯೊಡನೆ ಹವಾಮಾನದ ಬಗ್ಗೆ ಐದು ನಿಮಿಷ ಮಾತಾಡುವಂತಾದರೆ ಸಾಕು.

ಆ ಅಜ್ಜಿಯ ಮಾತು ಪಠ್ಯಪುಸ್ತಕದ ಜರ್ಮನ್ ಆಗಿರುವುದಿಲ್ಲ ಎಂಬುದನ್ನೂ ತಿಳಿದು ಹೊರಡಬೇಕು. ಬಾಷ್ ಕಂಪನಿಯ ತವರಾದ ಷ್ಟುಟ್‌ಗಾರ್ಟ್ ಸೀಮೆಗೆ ಬೆಂಗಳೂರಿನಿಂದ ಬಹಳ ಮಂದಿ ಹೋಗುತ್ತಾರೆ. ಅಲ್ಲಿನ ಆಡುಮಾತು ಶ್ವಾಬಿಷ್. ಮೆಟ್ಟಿಲು, ಅಂಗಳಗಳನ್ನು ಬಾಡಿಗೆದಾರರು ಸರದಿಯಂತೆ ಗುಡಿಸುವ ‘ಕೇರ್‌ವೊಖೆ’ ಎಂಬ ಪದ್ಧತಿಯೂ ಅಲ್ಲಿಯದೇ. ಸರದಿ ತಪ್ಪಿಸಿದವನಿಗೆ ನೆರೆಯವರು ಹೇಳುವ ಮಾತು ಶುದ್ಧ ಜರ್ಮನಿನಲ್ಲಿ ಇರಲಾರದು. ಸ್ವಿಟ್ಜರ್ಲೆಂಡಿನಲ್ಲಿ ಇನ್ನೂ ಮುಂದೆ: ಬರೆಯುವುದು ಜರ್ಮನ್, ಆದರೆ ಬ್ಯಾಂಕಿನ ವ್ಯವಸ್ಥಾಪಕನಿಂದ ಹಿಡಿದು ತರಕಾರಿಯವನವರೆಗೆ ಎಲ್ಲರೂ ಆಡುವುದು ತಂತಮ್ಮ ಊರಿನ ಸ್ವಿಸ್ ಮಾತು. ಬಿ2 ಪ್ರಮಾಣಪತ್ರ ಹಿಡಿದು ಜೂರಿಕ್ಕಿಗೆ ಹೋದವನಿಗೆ ಮೊದಲ ವಾರ ಒಂದೂ ಅರ್ಥವಾಗದೆ ದಿಗಿಲಾಗುವುದು ಸಹಜ. ಮೈಸೂರಿನ ಪುಸ್ತಕದಿಂದ ಕನ್ನಡ ಕಲಿತ ಪರದೇಶಿಯನ್ನು ಕಲಬುರಗಿಯ ಬಸ್ ನಿಲ್ದಾಣದಲ್ಲೋ ಕುಂದಾಪುರದ ಮೀನು ಮಾರುಕಟ್ಟೆಯಲ್ಲೋ ಇಳಿಸಿದರೆ ಹೇಗಿದ್ದೀತೋ ಹಾಗೆ. ಮೂರು ತಿಂಗಳಲ್ಲಿ ಬಿ1 ಮಾಡಿಸಿಕೊಡುತ್ತೇವೆಂದು ಹಣ ಕೀಳುವ ಖಾಸಗಿ ತರಗತಿಗಳು ಈ ಮಾತು ಹೇಳುವುದಿಲ್ಲ. ಅವರು ಮಾರುವುದು ಪರೀಕ್ಷೆಯನ್ನು.

ಕೊನೆಯದಾಗಿ, ಹೊರಡುವವರ ತಾಯಂದಿರು ಕೇಳುವ ಒಂದು ಪ್ರಶ್ನೆ: ಜರ್ಮನ್ ಅಷ್ಟು ಒಳಗೆ ಬಂದರೆ ಮೊಮ್ಮಗುವಿನ ಕನ್ನಡ ಹೋಗುವುದಿಲ್ಲವೆ? ಹೊರನಾಡಿನ ಮನೆಗಳನ್ನು ನೋಡಿದರೆ ಕನ್ನಡವನ್ನು ಕಳೆದದ್ದು ಮರಾಠಿಯೂ ಅಲ್ಲ, ತಮಿಳೂ ಅಲ್ಲ. ಮಗುವಿನ ಭವಿಷ್ಯಕ್ಕೆಂದು ಅಪ್ಪ ಅಮ್ಮ ಮನೆಯೊಳಗೆ ತಂದುಕೊಂಡ ಇಂಗ್ಲಿಷು ಅದನ್ನು ನುಂಗಿತು. ಜರ್ಮನಿಯಲ್ಲೂ ನಮ್ಮವರು ಮಾಡುವುದು ಅದನ್ನೇ: ಹೊರಗೆ ಜರ್ಮನ್ ಇದ್ದೇ ಇದೆ, ಮನೆಯಲ್ಲಿ ಇಂಗ್ಲಿಷ್ ಇರಲಿ, ಮುಂದೆ ಅಮೆರಿಕಕ್ಕೆ ಹೋಗಬೇಕಾದರೆ ಬೇಕಾಗುತ್ತದೆ ಎನ್ನುತ್ತಾರೆ. ಅಡುಗೆಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದ ಮೇಲೆ ಜರ್ಮನ್ ಎಂದು ಗೆರೆ ಎಳೆದುಕೊಂಡರೆ ಎರಡಕ್ಕೂ ಜಾಗವಿದೆ. ಇಂಗ್ಲಿಷಿನ ಚಿಂತೆ ಬೇಡ. ಅಲ್ಲಿನ ಸರ್ಕಾರಿ ಶಾಲೆಗಳು ಅದನ್ನು ಬಹುಕಡೆ ಮೂರನೆಯ ತರಗತಿಯಿಂದಲೇ ಕಲಿಸುತ್ತವೆ, ಪುಕ್ಕಟೆಯಾಗಿ.